ಕೂಲಿ ನೇಕಾರನ ಸಾಲವೂ ಮಗ್ಗದ ಕೆಲಸವೂ

ರಬಕವಿ-ಬನಹಟ್ಟಿಗಳ ಬೀದಿಗಳಲ್ಲಿ ಹಾಯ್ದವರಿಗೆ ಮಗ್ಗಗಳ ಸಪ್ಪಳವು ಹೊಸದಲ್ಲ. ಆ ಸಪ್ಪಳದ ನಡುವೆ ನಿಂತ ಕೂಲಿ ನೇಕಾರನ ಮನಸ್ಸಿನಲ್ಲಿ ಏನು ನಡೆದಿರುವದೆಂದು ವಿಚಾರಿಸುವವರು ಮಾತ್ರ ವಿರಳ. ನೇಯ್ದಷ್ಟಕ್ಕೆ ಕೂಲಿಯಿರುವಾಗ ಬಟ್ಟೆ ಕೆಟ್ಟರೆ ಅದು ಅವನ ಆಲಸ್ಯವೇ ಸರಿ, ಎಂಬ ಮಾತನ್ನು ನಾವು ಹಲವು ಸಲ ಕೇಳಿದ್ದೇವೆ. ಈ ತರ್ಕವು ನಮಗೆ ಒಪ್ಪಿಗೆಯಾಗದು.

ಯಂತ್ರಮಗ್ಗವು ಕೈಗಿಂತ ಕಣ್ಣನ್ನೇ ಹೆಚ್ಚಾಗಿ ಬೇಡುವದು. ಒಂದಕ್ಕಿಂತ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವವನು ಹಾಸಿನ ಎಳೆಯೊಂದು ಕಡಿದೊಡನೆ ಕಂಡು, ಮಗ್ಗವನ್ನು ನಿಲ್ಲಿಸಿ, ಗಂಟು ಹಾಕಬೇಕು. ಕಾಣದೆ ಹೋದರೆ ಅರಿವೆಯುದ್ದಕ್ಕೂ ಗೆರೆ ಬೀಳುವದು. ಸಂಜೆಗೆ ಬಾಗಿಲಿಗೆ ಬರುವ ಸಾಹುಕಾರನಿಗೆ ಏನು ಹೇಳಲೆಂದು ಎಣಿಸುತ್ತ ನಿಂತವನಿಗೆ ಆ ಎಳೆ ಕಾಣುವದೆಂತು? ತಿಂಗಳ ಕೊನೆಯಲ್ಲಿ ಒಂದೇ ಕೂಡಿಕೆಯನ್ನು ಮೂರು ಸಲ ತಪ್ಪಿದ ಕಾರಕೂನ ಮಹಾಶಯರು ಇದನ್ನು ಬಲ್ಲರು.

ಇದು ಬರಿಯ ಊಹೆಯಲ್ಲ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಸುಗ್ಗಿಯ ಮುಂಚೆ ಒಮ್ಮೆ, ಸುಗ್ಗಿಯ ತರುವಾಯ ಒಮ್ಮೆ ಪರೀಕ್ಷಿಸಿದ ಸಂಶೋಧನೆಯು 2013ರಲ್ಲಿ ‘ಸಾಯನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೈ ಬರಿದಾಗಿದ್ದಾಗ ತಡವರಿಸಿದ ಅದೇ ಮನುಷ್ಯನು ಹಣ ಬಂದ ಮೇಲೆ ಚುರುಕಾಗಿ ಉತ್ತರಿಸಿದನು. ಒಡಿಶಾದಲ್ಲಿ ಊಟದ ತಟ್ಟೆಗಳನ್ನು ಮಾಡುವ ಕೂಲಿಕಾರರಲ್ಲಿ ಕೆಲವರಿಗೆ ಕೂಲಿಯ ಒಂದು ಭಾಗವನ್ನು ಬೇಗನೆ ಕೊಟ್ಟು ನೋಡಲಾಯಿತು. ಒಟ್ಟು ಕೂಲಿ ಹೆಚ್ಚಲಿಲ್ಲ, ಕೊಟ್ಟ ದಿನವಷ್ಟೇ ಬೇರೆ; ಆದರೂ ಕೆಲಸವು ಹೆಚ್ಚಿತು, ಗಮನವಿಲ್ಲದೆ ಆಗುವ ತಪ್ಪುಗಳು ಇಳಿದವು, ಹೆಚ್ಚು ಬಡವರಾದವರಲ್ಲಿ ಈ ಗುಣವು ಹೆಚ್ಚಾಗಿ ಕಂಡಿತು.

ಜಮಖಂಡಿ, ಮುಧೋಳ, ಬೀಳಗಿಗಳ ಕಬ್ಬಿನ ಸೀಮೆಗೂ ಇದೇ ನ್ಯಾಯ. ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ ಸೇರಿಸಬೇಕೆಂದು 1966ರ ಕಬ್ಬು ನಿಯಂತ್ರಣಾಜ್ಞೆಯು ವಿಧಿಸಿತು. ಬಿಲ್ಲು ನಿಂತರೆ ಆ ಕಷ್ಟವು ರೈತನಲ್ಲಿಯೇ ನಿಲ್ಲದೆ ಅವನ ಹೊಲದ ಆಳಿನವರೆಗೂ ಇಳಿಯುವದು.

ಮುಂಗಡ ಕೊಡದೆ ಆಳು ನಿಲ್ಲನೆಂದು ಮಗ್ಗದ ಮಾಲಕರು ಹೇಳಬಹುದು. ಮದುವೆ-ಮುಂಜಿಗಳಿಗೆ ಕೈ ಮೀರಿ ಖರ್ಚು ಮಾಡುವವರೂ ಉಂಟೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ತೀರದ ಮುಂಗಡವು ಆಳನ್ನು ನಿಲ್ಲಿಸುವದೇ ಹೊರತು ಅವನ ಗಮನವನ್ನು ನಿಲ್ಲಿಸದು. ನಮ್ಮ ಸೀಮೆಗೆ ದೂರವಲ್ಲದ ಗದಗ ಪ್ರಾಂತದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಆಸ್ತಿಯ ಜಾಮೀನಿಲ್ಲದ ಕೂಲಿ ನೇಕಾರನಿಗೂ ಅಂಥ ಸಂಘವು ಸಣ್ಣ ಸಾಲ ಕೊಡುವಂತಾಗಲಿ. ಅದಕ್ಕೆ ಮುಂಚೆ, ಒಂದು ಕಾಸೂ ಹೆಚ್ಚು ತಗಲದ ಕೆಲಸವೊಂದನ್ನು ಮಾಲಕರು ನಾಳೆಯೇ ಮಾಡಬಹುದು: ವಾರದ ಕೂಲಿಯನ್ನು ಗೊತ್ತಾದ ದಿನ, ಸಂತೆಯ ಹೊತ್ತಿಗೆ ಮುಂಚೆ, ಪೂರ್ತಿಯಾಗಿ ಎಣಿಸಿಕೊಡುವದು.