ಕೆಂಪು ಲೈಟ್ ಕಂಡರೆ ಪಿನ್ ಹುಡುಕಬೇಡಿ

ಕಳೆದ ಮಳೆಗಾಲದ ಒಂದು ರಾತ್ರಿ. ಗಾಳಿಮಳೆಗೆ ಸಂಜೆಯೇ ಕರೆಂಟ್ ಹೋಗಿತ್ತು. ಇನ್ವರ್ಟರ್ ಇದ್ದ ಕಾರಣ ವೈಫೈ ಪೆಟ್ಟಿಗೆಯಲ್ಲಿ ಲೈಟ್ ಉರಿಯುತ್ತಿತ್ತು, ಇಂಟರ್ನೆಟ್ ಮಾತ್ರ ಇರಲಿಲ್ಲ. ಪಿಯುಸಿ ಮುಗಿಸಿದ ಮಗಳು ಕಾಲೇಜು ಸೀಟಿಗೆ ಆಪ್ಶನ್ ಎಂಟ್ರಿ ಮಾಡಬೇಕಿತ್ತು. ಮರುದಿನವೇ ಕೊನೆಯ ದಿನ. ಮೊಬೈಲಲ್ಲಿ ಮಾಡುವ ಎಂದರೆ ನಮ್ಮ ಊರಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ.

ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಮಿನುಗುತ್ತಿತ್ತು. ಹಿಂದೆ ಒಂದು ಸಣ್ಣ ತೂತು, ಅದರ ಹತ್ತಿರ 'ರೀಸೆಟ್' ಎಂದು ಬರೆದಿತ್ತು. ಯಾರೋ ಹೇಳಿದ್ದು ನೆನಪಾಯಿತು. ಮಗಳ ಶಾಲಿನ ಪಿನ್ ತೆಗೆದುಕೊಂಡು ಆ ತೂತಿಗೆ ಹಾಕಿ ಒತ್ತಿ ಹಿಡಿದೆ. ಲೈಟುಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿದವು. ಸರಿಯಾಯಿತು ಅಂದುಕೊಂಡೆ. ಸರಿಯಾಗಲಿಲ್ಲ. ಅದುವರೆಗೆ ಇದ್ದ ವೈಫೈ ಹೆಸರೂ ಮಾಯ!

ಬೆಳಗ್ಗೆ ಮಗಳನ್ನು ಕರೆದುಕೊಂಡು ಪೇಟೆಯ ಸಂಬಂಧಿಕರ ಮನೆಗೆ ಓಡಿದೆ. ಮಧ್ಯಾಹ್ನದ ಹೊತ್ತಿಗೆ ಎಂಟ್ರಿ ಮುಗಿಯಿತು, ಬದುಕಿದೆವು. ಲೈನಿನ ಹುಡುಗ ಬಂದದ್ದು ಮೂರನೇ ದಿನ. ಪೆಟ್ಟಿಗೆ ನೋಡಿ ನಕ್ಕ. "ಉಸ್ತಾದ್, ಅಡಿಕೆ ಮರ ಬಿದ್ದು ಕಂಬದ ಹತ್ತಿರ ಕೇಬಲ್ ತುಂಡಾಗಿತ್ತು. ಅದು ಜೋಡಿಸಿ ಆಯ್ತು. ನಿಮ್ಮ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ನೀವು ರೀಸೆಟ್ ಮಾಡಿ ನನಗೆ ಎರಡನೇ ಕೆಲಸ ಕೊಟ್ಟಿರಿ" ಎಂದ.

ಆ ದಿನ ಅವನನ್ನು ಚಹಾಕ್ಕೆ ಕೂರಿಸಿ ಒಂದೊಂದೇ ಕೇಳಿ ತಿಳಿದುಕೊಂಡೆ. ಆಮೇಲೆ ನಾನೂ ಸ್ವಲ್ಪ ಓದಿದೆ. ಗಂಡಸರು ಗಲ್ಫಲ್ಲೋ ಬೆಂಗಳೂರಲ್ಲೋ ಇದ್ದು, ಮನೆಯಲ್ಲಿ ಉಮ್ಮಂದಿರು, ಮಕ್ಕಳು ಮಾತ್ರ ಇರುವ ಮನೆಗಳು ನಮ್ಮಲ್ಲಿ ತುಂಬಾ ಉಂಟು. ಅಂಥವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗೆ ಎಂತ ಉಂಟು?

ಈಗ ಹೆಚ್ಚಿನ ಮನೆಗಳಿಗೆ ಬರುವುದು ಫೈಬರ್ ಲೈನ್. ಕೇಬಲಿನ ಒಳಗೆ ಕೂದಲೆಳೆಯಷ್ಟು ಸಪೂರದ ಗಾಜಿನ ಎಳೆ. ಅದರಲ್ಲಿ ಹರಿಯುವುದು ಕರೆಂಟ್ ಅಲ್ಲ, ಬೆಳಕು. ಆ ಬೆಳಕನ್ನು ಇಂಟರ್ನೆಟ್ ಆಗಿ ಬದಲಿಸಿ, ವೈಫೈ ಮೂಲಕ ಮನೆಯೊಳಗೆ ಹಂಚುವುದು ಈ ಪೆಟ್ಟಿಗೆಯ ಕೆಲಸ.

ಹಲವು ಕಂಪೆನಿಗಳ ಲೈನಿನಲ್ಲಿ ನಮ್ಮ ಮನೆಗೆಂದೇ ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಇರುತ್ತದೆ. ಇದು ವೈಫೈ ಪಾಸ್‌ವರ್ಡ್ ಅಲ್ಲ. ಕನೆಕ್ಷನ್ ಕೊಡುವಾಗ ಅವರು ಇದನ್ನು ಪೆಟ್ಟಿಗೆಯೊಳಗೆ ಬರೆದು ಹೋಗಿರುತ್ತಾರೆ. ರೀಸೆಟ್ ಒತ್ತಿದರೆ ಅದು ಅಳಿಸಿ ಹೋಗುತ್ತದೆ. ನಾನು ಮಾಡಿದ ಕೆಲಸ ಅದೇ. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ಮೊದಲನೆಯದು ನಿದ್ದೆ ಮಾಡಿ ಏಳುವ ಹಾಗೆ, ಎರಡನೆಯದು ಕಲಿತದ್ದೆಲ್ಲ ಮರೆಯುವ ಹಾಗೆ.

ಲೈಟುಗಳು ಹೇಳುವ ಮಾತು

ಪೆಟ್ಟಿಗೆಯ ಎದುರಿನ ಲೈಟುಗಳನ್ನು ಓದಲು ಕಲಿತರೆ ಅರ್ಧ ಗೊಂದಲ ಮುಗಿಯಿತು. ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ವ್ಯತ್ಯಾಸ ಇರಬಹುದು, ಸಾಮಾನ್ಯವಾಗಿ ಹೀಗಿರುತ್ತದೆ:

ಪವರ್: ಇದು ಆರಿದ್ದರೆ ಅಡಾಪ್ಟರ್, ಪ್ಲಗ್ ಅಥವಾ ಸ್ವಿಚ್ ನೋಡಿ.

ಪಾನ್: ಹಸಿರು ನಿಂತು ಉರಿದರೆ ಲೈನ್ ಸರಿ ಉಂಟು. ಮಿನುಗುತ್ತಲೇ ಇದ್ದರೆ ಪೆಟ್ಟಿಗೆ ಇನ್ನೂ ಆ ಕಡೆಯ ಸಂಪರ್ಕ ಹುಡುಕುತ್ತಿದೆ ಎಂದರ್ಥ.

ಎಲ್‌ಒಎಸ್: ಇದು ಆರಿರಬೇಕು. ಕೆಂಪು ಮಿನುಗಿದರೆ ಬೆಳಕು ಮನೆಗೆ ತಲುಪುತ್ತಿಲ್ಲ. ಹೊರಗೆ ಕೇಬಲ್ ತುಂಡಾಗಿರಬಹುದು, ಒಳಗೆ ಎಲ್ಲೋ ಮಡಚಿರಬಹುದು, ಕನೆಕ್ಟರ್ ಸಡಿಲ ಆಗಿರಬಹುದು. ಎಷ್ಟು ಸಲ ಆಫ್ ಆನ್ ಮಾಡಿದರೂ ತುಂಡಾದ ಕೇಬಲ್ ಕೂಡುವುದಿಲ್ಲ. ಫೋನ್ ಮಾಡಿ ದೂರು ಕೊಡಿ.

ಇಂಟರ್ನೆಟ್: ಪಾನ್ ಹಸಿರು ಇದ್ದು ಇದು ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ಮೊದಲು ಪ್ಲಾನ್ ಮುಗಿದಿದೆಯಾ ನೋಡಿ. ಹಣ ಕಟ್ಟಿದ್ದರೆ ಯೂಸರ್‌ನೇಮ್ ತೊಂದರೆ ಇರಬಹುದು, ಅಥವಾ ಕಂಪೆನಿಯ ಕಡೆಯೇ ತೊಂದರೆ.

ಎಲ್ಲ ಲೈಟ್ ಸರಿ ಇದ್ದೂ ಒಂದು ಫೋನಲ್ಲಿ ಮಾತ್ರ ಬರದಿದ್ದರೆ ತೊಂದರೆ ಆ ಫೋನಿನದ್ದು. ವೈಫೈ ಹೆಸರನ್ನು 'ಫರ್ಗೆಟ್' ಮಾಡಿ ಮತ್ತೆ ಪಾಸ್‌ವರ್ಡ್ ಹಾಕಿ ಸೇರಿಸಿ.

ಯಾವುದರ ನಂತರ ಯಾವುದು?

ಒಂದು, ಲೈಟ್ ನೋಡಿ. ಎರಡು, ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಮತ್ತೆ ಮೂರು ನಾಲ್ಕು ನಿಮಿಷ ಕಾಯಿರಿ. ಒಂದು ನಿಮಿಷಕ್ಕೆ ತಾಳ್ಮೆ ಕಳೆದುಕೊಂಡು ಮತ್ತೆ ಆಫ್ ಮಾಡಿದರೆ ಏನೂ ಪ್ರಯೋಜನ ಇಲ್ಲ. ಮೂರು, ಪೆಟ್ಟಿಗೆಯ ಹಿಂದಿನ ಕೇಬಲ್ ಎಲ್ಲಾದರೂ ಮಂಚದ ಕಾಲಿನ ಅಡಿಯಲ್ಲೋ ಬಾಗಿಲ ಸಂದಿನಲ್ಲೋ ಸಿಕ್ಕಿದೆಯಾ ನೋಡಿ. ಹೆಚ್ಚಾದ ಫೈಬರನ್ನು ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ, ಬೆಳಕು ಸೋರಿ ಹೋಗುತ್ತದೆ. ಕನೆಕ್ಟರಿನ ತುದಿ ಮುಟ್ಟಬೇಡಿ, ಬಟ್ಟೆಯಲ್ಲಿ ಒರೆಸಬೇಡಿ. ತುಂಡಾದ ಫೈಬರಿನ ತುದಿಗೆ ಕಣ್ಣಿಟ್ಟು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಲೇಸರ್. ಮಕ್ಕಳಿಗೂ ಹೇಳಿಡಿ.

ನಾಲ್ಕು, ದೂರು ಕೊಡುವಾಗ "ನೆಟ್ ಇಲ್ಲ" ಎನ್ನಬೇಡಿ. "ಎಲ್‌ಒಎಸ್ ಕೆಂಪು ಮಿನುಗುತ್ತಿದೆ" ಅನ್ನಿ. ಕೇಬಲ್ ಜೋಡಿಸುವ ಯಂತ್ರ ತರಬೇಕಾ ಬೇಡವಾ ಎಂದು ಬರುವವನಿಗೆ ಮೊದಲೇ ಗೊತ್ತಾಗುತ್ತದೆ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಮುರಕಲ್ಲಿನ ಗೋಡೆಯ ಆಚೆಗೆ

"ಹಾಲಲ್ಲಿ ಬರುತ್ತದೆ, ಅಡುಗೆ ಕೋಣೆಯಲ್ಲಿ ಬರುವುದಿಲ್ಲ" ಎಂಬುದು ಎಲ್ಲ ಮನೆಯ ದೂರು. ನಮ್ಮ ಕಡೆಯದು ದಪ್ಪ ಮುರಕಲ್ಲಿನ ಗೋಡೆ, ಮೇಲೆ ಕಬ್ಬಿಣ ಹಾಕಿದ ಸ್ಲ್ಯಾಬ್. ವೈಫೈಗೆ ಇವೆರಡೂ ಅಡ್ಡಿ. ಪೆಟ್ಟಿಗೆಯನ್ನು ಟೀವಿಯ ಹಿಂದೆ, ಕಪಾಟಿನ ಒಳಗೆ, ಫ್ರಿಜ್ಜಿನ ಪಕ್ಕ ಇಡಬೇಡಿ. ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ ಇರಲಿ. ಕನೆಕ್ಷನ್ ಕೊಡುವ ದಿನವೇ ಜಾಗ ತೋರಿಸಿ, ಆಮೇಲೆ ಕೇಬಲ್ ಸಾಲುವುದಿಲ್ಲ.

ಈಗಿನ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಎರಡು ವೈಫೈ ಇರುತ್ತವೆ. 5 ಗಿಗಾಹರ್ಟ್ಸ್‌ನದ್ದು ವೇಗ ಜಾಸ್ತಿ, ಆದರೆ ಗೋಡೆ ದಾಟಲು ಕಷ್ಟ. 2.4 ಗಿಗಾಹರ್ಟ್ಸ್‌ನದ್ದು ವೇಗ ಕಡಿಮೆ, ದೂರ ಹೋಗುತ್ತದೆ. ಒಂದೇ ಕೋಣೆಯಲ್ಲಿದ್ದರೆ 5, ದೂರದ ಕೋಣೆಗೆ 2.4.

ಪಾಸ್‌ವರ್ಡ್ ಬದಲಿಸಿದಿರಾ?

ಪೆಟ್ಟಿಗೆಯ ಅಡಿಯ ಸ್ಟಿಕ್ಕರಿನಲ್ಲಿ ಒಂದು ಅಂಕೆ ಇರುತ್ತದೆ, ಹೆಚ್ಚಾಗಿ 192.168.1.1. ವೈಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ಇದನ್ನು ಒತ್ತಿದರೆ ಪೆಟ್ಟಿಗೆಯ ಒಳಗಿನ ಪುಟ ತೆರೆಯುತ್ತದೆ. ಅದರ ಲಾಗಿನ್ ಪಾಸ್‌ವರ್ಡ್ 'ಅಡ್ಮಿನ್' ಎಂದೇ ಇದ್ದರೆ ಮೊದಲು ಬದಲಿಸಿ. ವೈಫೈ ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಬೇಡಿ, ಅದು ಊರಿಗೆಲ್ಲ ಗೊತ್ತಿರುವುದು. ನಿಮ್ಮ ಲೈನಿನಲ್ಲಿ ಯಾರಾದರೂ ತಪ್ಪು ಕೆಲಸ ಮಾಡಿದರೆ ವಿಚಾರಣೆ ಮೊದಲು ಬರುವುದು ನಿಮ್ಮ ಹೆಸರಿಗೆ. ನೆಂಟರಿಗೆ ಕೊಡಲು 'ಗೆಸ್ಟ್' ವೈಫೈ ಇದ್ದರೆ ಅದನ್ನು ಕೊಡಿ.

ಸಿಡಿಲು ಮತ್ತು ಗಲ್ಫ್ ಕಾಲ್

ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದಿದ್ದರೂ ಸಿಡಿಲಿಗೆ ಪೆಟ್ಟಿಗೆಗಳು ಸುಡುತ್ತವೆ. ಬರುವ ದಾರಿ ಅಡಾಪ್ಟರ್. ಸ್ವಿಚ್ ಆಫ್ ಮಾಡಿದರೆ ಸಾಲದು, ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೇ ಕಿತ್ತು ಇಡಿ. ಟೀವಿಗೆ ಲ್ಯಾನ್ ಕೇಬಲ್ ಕೊಟ್ಟಿದ್ದರೆ ಅದನ್ನೂ ತೆಗೆಯಿರಿ. ಅಡಾಪ್ಟರ್ ಹಾಳಾದರೆ ಹೊಸದನ್ನು ತರುವಾಗ ಹಳೆಯದನ್ನು ಅಂಗಡಿಗೆ ಕೊಂಡುಹೋಗಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು.

ಇನ್ನೊಂದು ಮಾತು. ದುಬೈಯಲ್ಲಿರುವ ಮಗನಿಗೆ ವಾಟ್ಸ್ಆ್ಯಪ್ ಕಾಲ್ ಹೋಗುವುದಿಲ್ಲ ಎಂದು ನೆರೆಮನೆಯ ಉಮ್ಮ ವೈಫೈಯನ್ನೇ ಬೈಯುತ್ತಿದ್ದರು. ಮೆಸೇಜ್ ಹೋಗುತ್ತದೆ, ಫೋಟೋ ಹೋಗುತ್ತದೆ, ಕಾಲ್ ಮಾತ್ರ ಆಗುವುದಿಲ್ಲ. ಅದು ರೂಟರಿನ ತಪ್ಪಲ್ಲ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆಗೆ ನಿರ್ಬಂಧ ಉಂಟು. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್ ಎರಡೂ ಕಡೆ ಹಾಕಿಕೊಂಡರೆ ಆಯಿತು. ಈಗ ಅವರು ದಿನಾ ಮಗನ ಮುಖ ನೋಡುತ್ತಾರೆ.

ನಮ್ಮ ಮನೆಯ ಪೆಟ್ಟಿಗೆಯ ಪಕ್ಕದ ಗೋಡೆಗೆ ಈಗ ಒಂದು ಚೀಟಿ ಅಂಟಿಸಿದೆ. ಗ್ರಾಹಕ ಸಂಖ್ಯೆ, ದೂರು ಕೊಡುವ ಫೋನ್ ನಂಬರ್, ಪ್ಲಾನ್ ಮುಗಿಯುವ ತಾರೀಕು. ಲೈನಿನ ಯೂಸರ್‌ನೇಮ್, ಪಾಸ್‌ವರ್ಡ್ ಮಾತ್ರ ಗೋಡೆಯಲ್ಲಿಲ್ಲ, ರೇಷನ್ ಕಾರ್ಡಿನ ಜೊತೆ ಕಪಾಟಿನಲ್ಲಿದೆ. ಚೀಟಿಯ ಕೊನೆಯಲ್ಲಿ ಮಗಳು ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ: "ಪಿನ್ ಹಾಕಬಾರದು." ಅದು ಯಾರಿಗೆ ಬರೆದದ್ದು ಎಂದು ಮನೆಯವರಿಗೆಲ್ಲ ಗೊತ್ತು. ನೀವೂ ಇಂದೇ ಅಂಥದೊಂದು ಚೀಟಿ ಬರೆದು ಅಂಟಿಸಿ, ಗಾಳಿಮಳೆಯ ರಾತ್ರಿಗೆ ಮೊದಲು.