ಬಾವಿಕಟ್ಟೆಯಲ್ಲಿರುವ ಯಂತ್ರಶಾಸ್ತ್ರ

ನಮ್ಮ ಶಾಲೆಯಲ್ಲಿ ಕಲಿತು ತೇರ್ಗಡೆಯಾದ ಬಾಲಿಕೆಯೊಬ್ಬಳು ಉದ್ಯೋಗಕ್ಕಾಗಿ ನಡೆದ ಯೋಗ್ಯತಾ ಪರೀಕ್ಷೆಗೆ ಕುಳಿತು, ಮರುದಿನ ನಮ್ಮ ಬಳಿಗೆ ಬಂದು ಕಣ್ಣೀರಿಟ್ಟಳು. ಲೆಕ್ಕದ ಮತ್ತು ಭಾಷೆಯ ಪ್ರಶ್ನೆಗಳನ್ನೆಲ್ಲಾ ಬಿಡಿಸಿದ್ದಳು. ಸನ್ನೆ, ರಾಟೆ, ಹಲ್ಲುಚಕ್ರಗಳ ಚಿತ್ರಗಳಿದ್ದ ಪುಟವನ್ನು ಮಾತ್ರ ಬರಿದಾಗಿ ಬಿಟ್ಟಿದ್ದಳು. “ಅಮ್ಮಾ, ಅವು ಗಂಡುಹುಡುಗರಿಗೆ ಕೇಳತಕ್ಕ ಪ್ರಶ್ನೆಗಳು” ಎಂದಳು. ಆಕೆಯಾದರೋ ದಿನವೂ ಬಾವಿಯಿಂದ ನೀರು ಸೇದಿದವಳು, ಅಜ್ಜಿಗೆ ಅಡಕೆ ಕತ್ತರಿಸಿ ಕೊಟ್ಟವಳು. ಅವೇ ಯಂತ್ರಗಳೆಂದು ತಿಳಿಸದೆ ಬಿಟ್ಟ ತಪ್ಪು ನಮ್ಮದು. ಆದಕಾರಣ ಪೋಷಕರೊಡನೆಯೂ ಹಿರಿಯ ವಿದ್ಯಾರ್ಥಿನಿಯರೊಡನೆಯೂ ಈ ಕುರಿತು ನಾಲ್ಕು ಮಾತನಾಡಲು ಇಚ್ಛಿಸುತ್ತೇವೆ.

ಇಂಥ ಚಿತ್ರಪರೀಕ್ಷೆಗಳಲ್ಲಿ ಬಹಳ ಹೆಸರಾದುದನ್ನು 1940ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಬೆನೆಟ್ ಎಂಬವರು ರಚಿಸಿದರು. ಇವುಗಳಲ್ಲಿ ದೊಡ್ಡ ಸೂತ್ರಗಳನ್ನು ಕೇಳುವುದಿಲ್ಲ. ಯಾವುದು ಹಗುರ, ಯಾವುದು ಬೇಗ, ಯಾವ ಕಡೆಗೆ ತಿರುಗುವುದು ಎಂದಿಷ್ಟೇ ಕೇಳುವರು. ಉತ್ತರಗಳಲ್ಲಿ ಹೆಚ್ಚಿನವು ಒಂದೇ ನಿಯಮದಿಂದ ಹೊರಡುವುವು: ಬಲದಲ್ಲಿ ಉಳಿಸಿದುದನ್ನು ದೂರದಲ್ಲಿ ತೆರಬೇಕು. ಯಂತ್ರವು ಯಾರಿಗೂ ಧರ್ಮಕ್ಕೆ ಏನನ್ನೂ ಕೊಡದು.

ಅಡಕತ್ತರಿಯನ್ನು ನೋಡಿರಿ. ಒಂದು ತುದಿಯಲ್ಲಿ ಕೀಲು, ಅದರ ಹತ್ತಿರ ಅಡಕೆ, ದೂರದ ತುದಿಯಲ್ಲಿ ಕೈ. ಕೈಯು ಹೆಚ್ಚು ದೂರ ಚಲಿಸುವುದು, ಅಲಗು ಸ್ವಲ್ಪವೇ ಚಲಿಸುವುದು. ಅದರಿಂದಲೇ ಅಲಗಿಗೆ ಅಷ್ಟು ಬಲ. ಅಡಕೆ ಗಟ್ಟಿಯಾಗಿದ್ದರೆ ಅದನ್ನು ಕೀಲಿನ ಕಡೆಗೆ ಇನ್ನೂ ಸರಿಸುವುದನ್ನು ಯಾವ ಅಜ್ಜಿಯೂ ಪುಸ್ತಕ ನೋಡಿ ಕಲಿತವಳಲ್ಲ. ಕೆಂಡ ಹಿಡಿಯುವ ಚಿಮಟದಲ್ಲಿ ಇದು ತಿರುಗುಮುರುಗು: ಕೈ ನಡುವೆ, ಕೆಂಡ ತುದಿಯಲ್ಲಿ. ಅಲ್ಲಿ ಬಲ ನಷ್ಟವಾದರೂ ಬೆರಳು ಸುಡುವುದಿಲ್ಲ! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸನು ಸನ್ನೆಯ ಈ ನಿಯಮವನ್ನು ಗಣಿತದಿಂದ ಸಾಧಿಸಿದನು. ಏರಿಳಿಯುವ ಹಲಗೆಯ ಒಂದು ಕಡೆ 30 ಕಿಲೋಗ್ರಾಂ ತೂಕದ ಮಗು ನಡುವಿನ ಆಧಾರದಿಂದ 2 ಮೀಟರು ದೂರದಲ್ಲಿ ಕುಳಿತರೆ, 40 ಕಿಲೋಗ್ರಾಂ ತೂಕದ ಅಕ್ಕನು ಇನ್ನೊಂದು ಕಡೆ ಒಂದೂವರೆ ಮೀಟರಿನಲ್ಲಿ ಕುಳಿತಾಗ ಹಲಗೆ ಸಮವಾಗುವುದು. ತೂಕವನ್ನು ದೂರದಿಂದ ಗುಣಿಸಿದರೆ ಎರಡು ಕಡೆಯೂ 60.

ಬಾಲಿಕೆಯರು ಹೆಚ್ಚಾಗಿ ತಪ್ಪುವುದು ರಾಟೆಯಲ್ಲಿ. ಬಾವಿಯ ಮೇಲೆ ಕಟ್ಟಿದ ಒಂಟಿ ರಾಟೆಯು ಭಾರವನ್ನು ಕಡಿಮೆ ಮಾಡುವುದೆಂದು ಅನೇಕರ ಭಾವನೆ. ಹಾಗಲ್ಲ. ತುಂಬಿದ ಕೊಡವು 10 ಕಿಲೋಗ್ರಾಂ ತೂಗಿದರೆ ಅಷ್ಟೇ ಬಲದಿಂದ, ಉಜ್ಜುವಿಕೆಯ ದೆಸೆಯಿಂದ ತುಸು ಹೆಚ್ಚಿನ ಬಲದಿಂದಲೇ, ಎಳೆಯಬೇಕು. ಮೇಲಕ್ಕೆತ್ತುವ ಬದಲು ಕೆಳಕ್ಕೆಳೆಯುವುದರಿಂದ ನಮ್ಮ ಮೈಯ ಭಾರವು ಸಹಾಯಕ್ಕೆ ಬರುವುದಷ್ಟೆ. ಆದರೆ ಹಗ್ಗದ ಒಂದು ತುದಿಯನ್ನು ಮೇಲೆ ಬಿಗಿದು, ಭಾರದೊಡನೆ ತಾನೂ ಏರುವಂತೆ ಇನ್ನೊಂದು ರಾಟೆಯನ್ನು ಭಾರಕ್ಕೇ ಕಟ್ಟಿದರೆ, ಹಗ್ಗದ ಎರಡು ಎಳೆಗಳು ಭಾರವನ್ನು ಹಂಚಿಕೊಳ್ಳುವುವು. ಆಗ ಅರ್ಧ ಬಲ ಸಾಕು. ಭಾರವು 1 ಮೀಟರು ಏರಲು 2 ಮೀಟರು ಹಗ್ಗ ಎಳೆಯಬೇಕು. ಚಿತ್ರದಲ್ಲಿ ಭಾರವನ್ನು ಹೊತ್ತ ಎಳೆಗಳನ್ನು ಎಣಿಸಿದರೆ ಉತ್ತರ ಸಿಕ್ಕಂತೆಯೇ.

ಇಳಿಜಾರು ಹಲಗೆ, ಬೆಣೆ, ತಿರುಪು ಇವು ಮೂರೂ ಒಂದೇ ಮನೆತನದವು. 1 ಮೀಟರು ಎತ್ತರದ ಗಾಡಿಗೆ 4 ಮೀಟರಿನ ಹಲಗೆ ಹಾಕಿ ಪೀಪಾಯಿ ಉರುಳಿಸಿದರೆ, ಉಜ್ಜುವಿಕೆಯನ್ನು ಬಿಟ್ಟು, ಕಾಲುಭಾಗದ ಬಲ ಸಾಕು.

ಚಕ್ರಗಳಿಗೆ ನಮ್ಮ ಹೊಲಿಗೆಯ ಕೊಠಡಿಯೇ ಪಾಠಶಾಲೆ. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಕೆಳಗಿನ ದೊಡ್ಡ ಚಕ್ರ ಒಮ್ಮೆ ಸುತ್ತುವಷ್ಟರಲ್ಲಿ ಮೇಲಿನ ಚಿಕ್ಕದು ಹಲವು ಸುತ್ತು ಸುತ್ತುವುದು. ಪಟ್ಟಿಯಿಂದ ಕೂಡಿದ ಕಾರಣ ಎರಡೂ ಒಂದೇ ಕಡೆಗೆ ತಿರುಗುವುವು. ಹಲ್ಲಿಗೆ ಹಲ್ಲು ಕೂಡಿದ ಚಕ್ರಗಳಾದರೆ ಒಂದಕ್ಕೊಂದು ವಿರುದ್ಧವಾಗಿ ತಿರುಗುವುವು. 40 ಹಲ್ಲಿನದು ಒಂದು ಸುತ್ತು ಬಂದಾಗ 20 ಹಲ್ಲಿನದು ಎರಡು ಸುತ್ತು.

ಮನೆಯಲ್ಲಿ ಹೊಲಿಗೆ ಯಂತ್ರ ಕೆಟ್ಟಾಗ ಅಣ್ಣನನ್ನೇ ಕೂಗಿ, ಮಗಳ ಕೈಗೆ ದೀಪ ಹಿಡಿಯಲು ಕೊಡುವ ವಾಡಿಕೆಯುಂಟು. ತಿರುಪುಳಿಯನ್ನು ಅವಳ ಕೈಗೆ ಕೊಟ್ಟು ನೋಡಬೇಕೆಂದು ಪೋಷಕರಲ್ಲಿ ನಮ್ಮ ವಿಜ್ಞಾಪನೆ. ಮೇಲೆ ಹೇಳಿದ ಬಾಲಿಕೆಯು ಪುನಃ ಪರೀಕ್ಷೆಗೆ ಕುಳಿತುಕೊಳ್ಳುವವಳಿದ್ದಾಳೆ. ಶನಿವಾರ ಮಧ್ಯಾಹ್ನಗಳಲ್ಲಿ ಬಂದು, ಅಂಗಳದ ಮರಕ್ಕೆ ಕಟ್ಟಿದ ಹಗ್ಗದಿಂದ ಚಿಕ್ಕ ತರಗತಿಯವರಿಗೂ ತೋರಿಸಿಕೊಡುತ್ತಾಳೆ. ನಮ್ಮಲ್ಲಿರುವುದು ಒಂದೇ ರಾಟೆ. ಹಿರಿಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಪಂಪು ಬಂದು ಮೂಲೆ ಸೇರಿದ ಬಾವಿರಾಟೆಗಳಿದ್ದರೆ, ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ಶಾಲೆಗೆ ಕಳುಹಿಸಿಕೊಡಬೇಕು.