ಗುಂಯ್‌ಗುಡುವ ಸ್ಪೀಕರ್, ತಪ್ಪು ಯಾರದು?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರಿಗೆ ಇದು ಗೊತ್ತಿರುತ್ತದೆ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುವಷ್ಟು ಹೊತ್ತು ಸ್ಪೀಕರ್ ಮೌನ. ಚಾರ್ಜರ್ ಚುಚ್ಚಿದ್ದೇ ತಡ, ಗುಂಯ್ ಎಂಬ ಸದ್ದು. ಮೌಸ್ ಸರಿಸಿದರೆ ಕಿರಗುಟ್ಟುವಿಕೆ ಬೇರೆ. ಡಿಜಿಟಲ್ ಎಂದರೆ ಬರೀ ಸೊನ್ನೆ, ಒಂದು. ಅದಕ್ಕೆ ಕರೆಂಟಿನ ಕೊಳೆ ಹೇಗೆ ಅಂಟಿತು?

ಸೊನ್ನೆ-ಒಂದಕ್ಕೆ ಅಂಟುವುದಿಲ್ಲ. ಅಂಕಿ ವೋಲ್ಟೇಜಾಗಿ ಬದಲಾಗುವ ಕಡೆ, ಅಂದರೆ ಡ್ಯಾಕ್ ಚಿಪ್ಪಿನಲ್ಲಿ ಮತ್ತು ಅಲ್ಲಿಂದ ಮುಂದೆ ಅಂಟುತ್ತದೆ. ಸೀಡಿಯ 16 ಬಿಟ್ ಧ್ವನಿಗೆ 65,536 ಮೆಟ್ಟಿಲುಗಳಿವೆ. ಪ್ಲೇಯರಿನಿಂದ ಹೊರಬರುವುದು ಸಾಮಾನ್ಯವಾಗಿ 2 ವೋಲ್ಟ್ ಆರ್‌ಎಂಎಸ್. ಅದರ ಪೂರ್ತಿ ಏರಿಳಿತವನ್ನು ಹಂಚಿದರೆ ಒಂದು ಮೆಟ್ಟಿಲಿಗೆ ಸಿಗುವುದು ಸುಮಾರು 86 ಮೈಕ್ರೋವೋಲ್ಟ್ ಮಾತ್ರ. ಇಷ್ಟು ಸಣ್ಣದನ್ನು ಚಿಪ್ಪು ಅಳೆದುಕೊಡುವುದು ತನಗೆ ಸಿಗುವ ರೆಫರೆನ್ಸ್ ವೋಲ್ಟೇಜಿನ ಲೆಕ್ಕದಲ್ಲಿ. ಸೇರೇ ಸೊಟ್ಟಗಿದ್ದರೆ ಅಕ್ಕಿಯ ಅಳತೆ ನೆಟ್ಟಗಿದ್ದೀತೆ? ಒಳ್ಳೆಯ ತಯಾರಕರು ಈ ಭಾಗಕ್ಕೆ ಪ್ರತ್ಯೇಕ ರೆಗ್ಯುಲೇಟರ್ ಕೊಡುವುದು ಇದಕ್ಕೇ.

ಕಿವಿಯೇ ಅರ್ಧ ಪತ್ತೆ ಹಚ್ಚುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಟ್ರಾನ್ಸ್‌ಫಾರ್ಮರ್ ಸಪ್ಲೈಯಲ್ಲಿ ಕೆಪಾಸಿಟರ್ ಒಣಗಿದರೆ ಅದರ ಎರಡರಷ್ಟು, 100 ಹರ್ಟ್ಸಿನ ಗುಂಯ್‌ಕಾರ ಬರುತ್ತದೆ. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರಿನಲ್ಲಿ 150, 250 ಹರ್ಟ್ಸಿನ ಒರಟು ಝೇಂಕಾರವೂ ಸೇರುತ್ತದೆ. ಕರೆಂಟು ಹೋದಾಗ ಫ್ಯಾನ್ ಗೊರಗುಡುವುದೂ ಇದರಿಂದಲೇ. ಆಡಿಯೋ ಉಪಕರಣ ಇರುವ ಮನೆಗೆ ಸೈನ್ ವೇವ್ ಇನ್ವರ್ಟರೇ ಸರಿ.

ಆದರೆ ಚಾರ್ಜರ್ ಚುಚ್ಚಿದಾಗ ಮಾತ್ರ ಬರುವ ಸದ್ದಿಗೆ ಹೆಚ್ಚಿನ ಸಲ ಕಾರಣ ಗ್ರೌಂಡ್ ಲೂಪ್. ಮೂರು ಪಿನ್ನಿನ ಚಾರ್ಜರೂ ಮೂರು ಪಿನ್ನಿನ ಸ್ಪೀಕರೂ ಗೋಡೆಯ ಅರ್ಥಿಂಗಿನಲ್ಲಿ ಒಮ್ಮೆ ಕೂಡುತ್ತವೆ, ಆಡಿಯೋ ಕೇಬಲಿನ ಹೊರಹೆಣಿಗೆಯಲ್ಲಿ ಇನ್ನೊಮ್ಮೆ. ಉಂಗುರ ಪೂರ್ತಿಯಾಯಿತು. ಅದರಲ್ಲಿ ಹರಿಯುವ ಅಲ್ಪ ಕರೆಂಟು ಕೇಬಲಿನುದ್ದಕ್ಕೂ ಒಂದಿಷ್ಟು ವೋಲ್ಟೇಜು ಎಬ್ಬಿಸುತ್ತದೆ. ಸ್ಪೀಕರ್ ಅದನ್ನೂ ಸಂಗೀತವೆಂದೇ ನಂಬಿ ನುಡಿಸುತ್ತದೆ. ಮೌಸಿನ ಕಿರಗುಟ್ಟುವಿಕೆಯೂ ಇದೇ ದಾರಿ ಹಿಡಿದು ಬಂದ ಲ್ಯಾಪ್‌ಟಾಪಿನ ಒಳಗಿನ ಗದ್ದಲ.

ಮೊದಲು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ತಗ್ಗದಿದ್ದರೆ ಎರಡೂ ಕಡೆ ಸೌಲಭ್ಯವಿರುವಲ್ಲಿ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಆಪ್ಟಿಕಲ್ ಕೇಬಲ್ ಸಿಕ್ಕಿಸುವ ಜಾಗವಿದ್ದರೆ ಇನ್ನೂ ಒಳ್ಳೆಯದು: ಬೆಳಕಿನಲ್ಲಿ ಸಾಗುವ ಸಂಕೇತಕ್ಕೆ ತಾಮ್ರದ ನಂಟೇ ಇರುವುದಿಲ್ಲ. ಇವನ್ನು ಬಿಟ್ಟು ಸಾವಿರಾರು ರೂಪಾಯಿಯ ಪವರ್ ಕೇಬಲ್ ಕೊಳ್ಳುವುದು ದುಡ್ಡಿಗೆ ದಂಡ. ಉಂಗುರ ಹಾಗೇ ಉಳಿಯುತ್ತದೆ.

ಒಂದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ: ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು. ಸದ್ದೇನೋ ನಿಲ್ಲಬಹುದು. ಆದರೆ ಒಳಗೆ ವೈರು ಸಡಿಲವಾಗಿ ಪೆಟ್ಟಿಗೆಗೆ ತಗುಲಿದ ದಿನ, 230 ವೋಲ್ಟು ನೆಲ ಸೇರುವುದು ಮೈಕ್ ಹಿಡಿದವರ ಮೈಯ ಮೂಲಕ.